ಗಾಳದವನನ್ನು ಎಬ್ಬಿಸಿ ದೋಣಿ ಇಳಿಸುವ ಬುದ್ಧಿ

ನಮ್ಮ ಕಡೆ ಕೆರೆ ತುಂಬುವುದೇ ಅಪರೂಪ. ತುಂಬಿತೆಂದರೆ ಮುಂದಿನದೆಲ್ಲ ಯಾರೋ ಮೊದಲೇ ಬರೆದಿಟ್ಟ ಹಾಗೆ ನಡೆದುಹೋಗುತ್ತದೆ. ಶಾಸಕರು ಬಂದು ಬಾಗಿನ ಬಿಡುತ್ತಾರೆ. ಕೋಡಿ ಬಿದ್ದ ಕಡೆ ಜನ ಮೊಬೈಲು ಹಿಡಿದು ನಿಲ್ಲುತ್ತಾರೆ. ಕೆಂಪು ನೀರು ತಿಳಿಯಾಗುವ ಮೊದಲೇ ಒಂದು ಮನವಿ ಪತ್ರ ತಾಲ್ಲೂಕು ಕಚೇರಿ ತಲುಪುತ್ತದೆ: ನಮ್ಮ ಕೆರೆಗೂ ಬೋಟಿಂಗ್ ಬೇಕು, ಜೆಟ್ಟಿ ಬೇಕು, ಏರಿಯ ಮೇಲೆ ಟೈಲ್ಸು ಹಾಸಿದ ದಾರಿ ಬೇಕು, ಬಣ್ಣದ ದೀಪ ಬೇಕು. ತುಮಕೂರಿನವರಿಗೆ ಅಮಾನಿಕೆರೆ ಇದೆ, ನಮಗೇನು ಕಮ್ಮಿ? 2022ರ ಮಳೆಗಾಲದಲ್ಲಿ ಈ ಮಾತಿಗೆ ಸುಗ್ಗಿ. ಆ ವರ್ಷ ಜಯಮಂಗಲಿ ನದಿ ಕೊರಟಗೆರೆ, ಮಧುಗಿರಿಯ ಹೊಲಗಳಿಗೆ ನುಗ್ಗಿ ಹರಿದಳು. ಶಿರಾದ ಪಕ್ಕದ ಹಿರಿಯೂರಿನಲ್ಲಿ ವಾಣಿ ವಿಲಾಸ ಸಾಗರ ಜಲಾಶಯ 1933ರ ನಂತರ ಮೊದಲ ಸಲ ಕೋಡಿ ಬಿತ್ತು. ಎಂಬತ್ತೊಂಬತ್ತು ವರ್ಷಕ್ಕೊಮ್ಮೆ ನಡೆದ ಸಂಗತಿಯನ್ನು ನೋಡಿ ಬಂದವರು, ಅದು ಪ್ರತಿ ವರ್ಷ ನಡೆಯುತ್ತದೆ ಎಂಬ ಧೈರ್ಯದಲ್ಲಿ ಯೋಜನೆ ಹಾಕಲು ಕೂತರು.

ಈ ಮನವಿಯ ಹಿಂದೆ ಒಂದು ನಂಬಿಕೆ ಇದೆ. ಅಧಿಕಾರಿಗಳಲ್ಲೂ ಇದೆ, ವರದಿಗಾರರಲ್ಲೂ ಇದೆ, ಊರಿನ ಯುವಕ ಸಂಘಗಳಲ್ಲೂ ಇದೆ. ಹೊರಗಿನವರು ನೀರಿನ ಹತ್ತಿರ ಬಂದು ನಾಲ್ಕು ಕಾಸು ಬಿಚ್ಚಬೇಕಾದರೆ ಅಲ್ಲಿ ಏನನ್ನಾದರೂ ಕಟ್ಟಬೇಕು ಎಂಬುದು ಅದರ ಒಂದು ಮುಖ. ನೀರಿನೊಳಗಿನ ಮೀನಿಗೂ ಇದಕ್ಕೂ ಸಂಬಂಧವಿಲ್ಲ, ಅದನ್ನು ಹರಾಜಿನಲ್ಲಿ ಹೆಚ್ಚು ಕೂಗಿದವನಿಗೆ ಕೊಟ್ಟು ಕೈತೊಳೆದುಕೊಂಡರೆ ಆಯಿತು ಎಂಬುದು ಇನ್ನೊಂದು ಮುಖ. ಏರಿಯ ಮೇಲೆ ಗಾಳ ಹಿಡಿದು ಕೂತವನು ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಬಂದರೂ ಮಾಡಲು ಕೆಲಸವಿಲ್ಲದವನಾಗಿ, ಇಲ್ಲವೇ ಮೀನುಗಳ್ಳನಾಗಿ ಬರುತ್ತಾನೆ. ನನ್ನ ವಾದ ಇದಕ್ಕೆ ತದ್ವಿರುದ್ಧ. ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕೆರೆಗಳಿಗೆ ಸಿಗಬಹುದಾದ ನಂಬಿಗಸ್ತ ಪ್ರವಾಸಿ ಆ ಗಾಳದವನೇ. ಅವನನ್ನು ಎಬ್ಬಿಸಿ ಇಳಿಸುವ ದೋಣಿ ಎರಡು ಬೇಸಿಗೆ ಕಾಣುವುದಿಲ್ಲ.

ದೋಣಿಯ ವಿಚಾರವನ್ನು ಮೊದಲು ಮುಗಿಸಿಬಿಡೋಣ. ನಮ್ಮ ಹಿರಿಯರು ಕೆರೆ ಕಟ್ಟಿದ್ದು ನೀರನ್ನು ಖರ್ಚು ಮಾಡುವುದಕ್ಕೆ. ತೂಬು ಎತ್ತಿದರೆ ಅಚ್ಚುಕಟ್ಟಿಗೆ ನೀರು ಹರಿಯಬೇಕು, ಬೇಸಿಗೆಯ ಹೊತ್ತಿಗೆ ಕೆರೆ ಅಂಗಳದಲ್ಲಿ ದನ ಮೇಯಬೇಕು, ಗೋಡು ಮಣ್ಣು ಹೊಲಕ್ಕೆ ಹೋಗಬೇಕು. ವರ್ಷಕ್ಕೆ ಐನೂರು, ಆರುನೂರು ಮಿಲಿಮೀಟರು ಮಳೆ ಬೀಳುವ ಸೀಮೆ ಇದು. ಏರಿಯ ಬುಡದಲ್ಲಿ ಆಳು ಮುಳುಗುವಷ್ಟು ನೀರಿದ್ದರೆ ಹಿನ್ನೀರಿನ ಕಡೆ ಮೊಣಕಾಲುದ್ದ ಇರುತ್ತದೆ. ತುಂಬಿದ ಮಟ್ಟಕ್ಕೆ ಕಟ್ಟಿದ ಜೆಟ್ಟಿ ಸಂಕ್ರಾಂತಿಯ ಹೊತ್ತಿಗೆ ಕೆಸರಿನ ಮೇಲೆ ನಿಲ್ಲುತ್ತದೆ, ಯುಗಾದಿಯ ಹೊತ್ತಿಗೆ ಜಾಲಿ ಗಿಡದ ನಡುವೆ. ಮದಲೂರು ಕೆರೆಯನ್ನೇ ನೋಡಿ. 2020ರ ಶಿರಾ ಉಪಚುನಾವಣೆಯಲ್ಲಿ ಆ ಕೆರೆಯ ಹೆಸರು ರಾಜ್ಯಕ್ಕೆಲ್ಲ ಗೊತ್ತಾಯಿತು. ಅದಕ್ಕೆ ಹೇಮಾವತಿ ನೀರು ಹರಿಸುತ್ತೇವೆ ಎಂಬುದೇ ವೋಟು ಕೇಳುವ ಮಾತಾಗಿತ್ತು. ಹೇಮಾವತಿ ನಾಲೆಯ ನೀರು ಕಳ್ಳಂಬೆಳ್ಳಕ್ಕೆ ಬರಬೇಕು, ಅಲ್ಲಿಂದ ಶಿರಾ ದೊಡ್ಡ ಕೆರೆಗೆ, ಅದರಾಚೆ ಮದಲೂರಿಗೆ. ನೀರು ಬರುವುದೇ ಚುನಾವಣೆಯ ವಿಷಯವಾಗಿರುವ ಕೆರೆಯಲ್ಲಿ ದೋಣಿ ವಿಹಾರದ ಕನಸು ಕಾಣುವುದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಕತೆ. ಮಧುಗಿರಿಯ ಸಿದ್ದಾಪುರ ಕೆರೆಯ ಮಾತಂತೂ ಬೇರೆಯೇ. ಅದು ಪಟ್ಟಣದ ಜನ ಕುಡಿಯುವ ನೀರು. ಅಲ್ಲಿ ಪೆಟ್ರೋಲು ಎಂಜಿನ್ನಿನ ದೋಣಿ ಓಡಿಸಬೇಕು ಎನ್ನುವವರಿಗೆ ಒಂದು ಲೋಟ ನೀರು ಕೊಟ್ಟು ಕೂರಿಸುವುದಕ್ಕಿಂತ ಹೆಚ್ಚಿನ ಉತ್ತರ ಬೇಕಿಲ್ಲ.

ಜೆಟ್ಟಿ ಕೇಳುವವರ ಮನಸ್ಸಿನಲ್ಲಿರುವ ಚಿತ್ರ ಬೇರೆ ಸೀಮೆಯದು. ಅಮೆರಿಕ, ಯೂರೋಪುಗಳ ಕಡಲಂಚಿನಲ್ಲಿ, ದೊಡ್ಡ ಸರೋವರಗಳಲ್ಲಿ ಮರೀನಾ ಎಂದು ಕರೆಯುವ ದೋಣಿ ತಂಗುದಾಣಗಳಿವೆ. ಸಾಲು ಸಾಲು ಬಿಳಿ ದೋಣಿ, ಮರದ ಹಲಗೆಯ ದಾರಿ, ಹೋಟೆಲು. ಆ ಚಿತ್ರ ನೋಡಿದವರಿಗೆ ಅದರ ಇನ್ನೊಂದು ಭಾಗ ಕಾಣುವುದಿಲ್ಲ. ಅಂಥ ಮರೀನಾಗಳನ್ನು ನಡೆಸುವವರೇ, ಗಾಳ ಹಾಕುವ ಹವ್ಯಾಸದವರನ್ನು ನಮ್ಮ ಕಟ್ಟೆಗೆ ಕರೆತರುವುದು ಹೇಗೆ ಎಂದು ಲೆಕ್ಕ ಹಾಕುತ್ತಾರೆ. ದೋಣಿ ಇಟ್ಟುಕೊಂಡ ಸಾಹುಕಾರ ಬಿಸಿಲು ಚೆನ್ನಾಗಿದ್ದ ರಜಾದಿನ ಬರುತ್ತಾನೆ. ಗಾಳದವನು ಮೋಡ ಕವಿದ ಮಂಗಳವಾರವೂ ಬರುತ್ತಾನೆ, ಬೆಳಗಿನ ಜಾವ ಬರುತ್ತಾನೆ, ಮೀನು ಸಿಗದಿದ್ದರೆ ನಾಳೆ ಮತ್ತೆ ಬರುತ್ತಾನೆ. ಅವನನ್ನು ಹಿಡಿದಿಡಲು ಅವರು ಮಾಡಿಕೊಂಡ ಏರ್ಪಾಡುಗಳೆಲ್ಲ ಅಗ್ಗದವು: ಹೊತ್ತು ಮೂಡುವ ಮೊದಲೇ ಬಾಗಿಲು ತೆರೆದ ಎರೆ ಅಂಗಡಿ, ಐಸು, ಮೀನು ಹೆರೆಯಲು ನಲ್ಲಿ ಇರುವ ಒಂದು ಕಲ್ಲುಬೆಂಚು, ಇವತ್ತು ಯಾವ ಮೀನು ಎಲ್ಲಿ ಕಚ್ಚುತ್ತಿದೆ ಎಂದು ಬರೆದ ಹಲಗೆ, ಮಕ್ಕಳಿಗೆ ಒಂದು ದಿನ. ಕೋಟಿ ಬೇಡುವ ದೋಣಿಕಟ್ಟೆಯನ್ನು ನಾವು ಅವರಿಂದ ಎರವಲು ತರಲು ಹೊರಟಿದ್ದೇವೆ. ಕಾಸಿನ ಬುದ್ಧಿಯನ್ನು ಅಲ್ಲೇ ಬಿಟ್ಟಿದ್ದೇವೆ.

ಆ ಬುದ್ಧಿ ಹೊರಗಿನಿಂದ ಬರಬೇಕಾಗಿಯೂ ಇಲ್ಲ. ನಮ್ಮ ಏರಿಗಳ ಮೇಲೆ ಗಾಳದವನು ಯಾವ ಯೋಜನೆಯನ್ನೂ ಕಾಯದೆ ಕೂತಿದ್ದಾನೆ. ಒಂದು ಬಿದಿರು ಕಡ್ಡಿ, ನೈಲಾನ್ ದಾರ, ಜೋಳದ ದಂಟಿನ ಬೆಂಡು ಅಥವಾ ನವಿಲುಗರಿಯ ಬುಡ, ತೆಂಗಿನ ಚಿಪ್ಪಿನಲ್ಲಿ ಒದ್ದೆ ಮಣ್ಣಿನೊಳಗೆ ಎರೆಹುಳು. ಗೆಂಡೆಗೆ, ರೋಹುವಿಗೆ ಎರೆಹುಳುವಿಗಿಂತ ಹಿಟ್ಟಿನ ಉಂಡೆ ಮೇಲು ಎನ್ನುವವರು ಮೈದಾಗೆ ಹುರಿಗಡಲೆ ಪುಡಿ, ಬೆಲ್ಲ ಸೇರಿಸಿ ಮಿದಿಯುತ್ತಾರೆ. ಏಲಕ್ಕಿ ಹಾಕುವ ಷೋಕಿಯವರೂ ಇದ್ದಾರೆ. ಪಾವಗಡದ ಕಡೆ ಕಡಲೆಕಾಯಿ ಬೆಳೆಯುವ ಜನಕ್ಕೆ ಹಿಂಡಿಗೆ ಬರವಿಲ್ಲ, ಒಂದು ಹಿಡಿ ಹಿಂಡಿಯನ್ನು ಬಟ್ಟೆಯಲ್ಲಿ ಕಟ್ಟಿ ನೀರಿಗಿಳಿಸಿ ಮೀನನ್ನು ಜಾಗಕ್ಕೆ ಕರೆಯುತ್ತಾರೆ. ಕೊರಮೀನು ಹಿಡಿಯುವವರ ಜಾತಿಯೇ ಬೇರೆ. ಅವರು ಒಂದು ಕಡೆ ಕೂರುವುದಿಲ್ಲ, ಜೊಂಡಿನ ಅಂಚಿನಲ್ಲಿ ನಡೆಯುತ್ತ ಕಪ್ಪೆಮರಿಯನ್ನು ನೀರಿನ ಮೇಲೆ ಕುಪ್ಪಳಿಸುತ್ತಾರೆ. ಈಚೆಗೆ ಬೆಂಗಳೂರಿನಿಂದ ಬೈಕಿನಲ್ಲಿ ಬರುವ ಹುಡುಗರ ಕೈಯಲ್ಲಿ ರೀಲು ಸುತ್ತುವ ರಾಡು, ಕಪ್ಪೆಯ ಬದಲು ರಬ್ಬರಿನ ಕಪ್ಪೆ. ಎರಡು ಗಂಟೆಯ ದಾರಿ ಸವೆಸಿ ಬಂದವನು ಏರಿಯ ಮೇಲಿನ ಮುದುಕನ ಪಕ್ಕ ಕೂತು ಕೇಳುವುದು ಒಂದೇ: “ಯಾಕಜ್ಜ, ಇವತ್ತು ಕಚ್ತಾ ಇಲ್ವಾ?” ಉತ್ತರವೂ ಒಂದೇ: “ಗಾಳಿ ತಿರುಗ್ಲಿ ಇರಪ್ಪ.” ಪ್ರವಾಸೋದ್ಯಮ ಇಲಾಖೆಯ ಯಾವ ಮಾಹಿತಿ ಕೇಂದ್ರವೂ ಇಷ್ಟು ಖಚಿತವಾದ ಮಾಹಿತಿ ಕೊಟ್ಟ ನೆನಪು ನನಗಿಲ್ಲ.

ಆ ಮುದುಕನಿಗೆ ಕೆರೆ ಗೊತ್ತು. ತೂಬಿನ ಎದುರು ಎಷ್ಟು ಆಳ, ಜೆಸಿಬಿ ತೋಡಿದ ಗುಂಡಿ ಎಲ್ಲಿದೆ, ಹಳೆಯ ಬಾವಿ ಯಾವ ಕಡೆ ಮುಳುಗಿದೆ, ಯಾವ ಮೂಲೆಯಲ್ಲಿ ಕೊರಮೀನು ಮರಿ ಸಾಕುತ್ತಿದೆ ಎಲ್ಲ ಗೊತ್ತು. ಕೊರಮೀನು ತನ್ನ ಮರಿಗಳನ್ನು ಬಿಟ್ಟುಹೋಗುವ ಮೀನಲ್ಲ. ಕೆಂಪಗೆ ಗುಂಪುಗಟ್ಟಿ ಮೇಲೇಳುವ ಮರಿಗಳ ಕೆಳಗೇ ಕಾವಲು ಈಜುತ್ತದೆ. ಆ ಹೊತ್ತಿನಲ್ಲಿ ಅದರ ಬಾಯಿಗೆ ಗಾಳ ಹಾಕಿದರೆ ಸುಲಭವಾಗಿ ಸಿಗುತ್ತದೆ, ಮರಿಯೆಲ್ಲ ಬೇರೆ ಮೀನುಗಳ ಪಾಲಾಗುತ್ತದೆ. ತಿಳಿದ ಗಾಳದವನು ಹಾಕುವುದಿಲ್ಲ, ಹಾಕಿದ ಹುಡುಗನಿಗೆ ಬೈಯುತ್ತಾನೆ. ಯಾವ ಸುತ್ತೋಲೆಯೂ ಇಲ್ಲದೆ ಏರಿಯ ಮೇಲೆ ಜಾರಿಯಲ್ಲಿರುವ ಕಾನೂನು ಇದು.

ಬರೆದಿಟ್ಟ ಕಾನೂನಿನ ಪ್ರಕಾರ ಅವನು ಅಲ್ಲಿ ಕೂರುವಂತಿಲ್ಲ. ನಲವತ್ತು ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆ ಪಂಚಾಯಿತಿಯದು, ಅದಕ್ಕಿಂತ ದೊಡ್ಡದು ಸಣ್ಣ ನೀರಾವರಿ ಇಲಾಖೆಯದು. ಕೆರೆ ಯಾರದಾದರೂ ಇರಲಿ, ಮೀನಿನ ಹಕ್ಕು ಗುತ್ತಿಗೆಗೆ ಹೋಗುತ್ತದೆ. 1996ರ ಕರ್ನಾಟಕ ಒಳನಾಡು ಮೀನುಗಾರಿಕೆ ಅಧಿನಿಯಮದ ಹೆಸರಿನಲ್ಲಿ ಸಂರಕ್ಷಣೆ, ಅಭಿವೃದ್ಧಿ, ನಿಯಂತ್ರಣ ಮೂರೂ ಇವೆ. ಕೆರೆಯ ದಡದಲ್ಲಿ ಕಾಣುವುದು ಮೂರನೆಯದೊಂದೇ. ಗುತ್ತಿಗೆ ಹಿಡಿದವನು ಮೀನು ಮರಿ ತಂದು ಬಿಡುತ್ತಾನೆ, ಏರಿಗೊಬ್ಬ ಕಾವಲುಗಾರನನ್ನು ಇಡುತ್ತಾನೆ. ಆ ಕಾವಲುಗಾರನ ಮೊದಲ ಕೆಲಸ ಗಾಳ ಮುರಿಯುವುದು.

ಗುತ್ತಿಗೆದಾರನನ್ನು ರಾಕ್ಷಸ ಮಾಡುವ ಉದ್ದೇಶ ನನಗಿಲ್ಲ. ಅವನ ಕಷ್ಟ ಅರ್ಥವಾಗುವಂಥದು. ಕಾಟ್ಲಾ, ರೋಹು, ಮೃಗಾಲ್ ನಿಂತ ನೀರಿನಲ್ಲಿ ಸಂತಾನ ಮಾಡುವುದಿಲ್ಲ, ಅವಕ್ಕೆ ಹರಿಯುವ ಹೊಳೆ ಬೇಕು. 1957ರಲ್ಲಿ ಹೀರಾಲಾಲ್ ಚೌಧುರಿ ಪಿಟ್ಯುಟರಿ ಗ್ರಂಥಿಯ ಸಾರ ಚುಚ್ಚಿ ಈ ಜಾತಿಯ ಮೀನುಗಳಿಂದ ಮೊಟ್ಟೆ ಇಡಿಸಿದ್ದರಿಂದಲೇ ಇವತ್ತು ಫಾರಂಗಳಲ್ಲಿ ಮರಿ ಸಿಗುತ್ತದೆ. ಮರಿಗೆ ದುಡ್ಡು ಹಾಕಿದವನಿಗೆ ಬೇಸಿಗೆಗೆ ಮುಂಚೆ ಫಸಲು ತೆಗೆಯಲೇಬೇಕು. ನೀರು ಇಳಿದಂತೆ ಬಲೆ ಎಳೆಯುತ್ತಾನೆ. ಕೊನೆಗೆ ಉಳಿದ ಗುಂಡಿಯ ನೀರನ್ನು ಮೋಟಾರಿಟ್ಟು ಹೊರಗೆ ಸುರಿದು ಕೆಸರಿನಲ್ಲಿದ್ದುದನ್ನೂ ಬಾಚುವವರು ಇದ್ದಾರೆ. ದನ ಕುಡಿಯುವ ನೀರೂ ಹೋಯಿತು ಎಂದು ಊರವರು ಜಗಳಕ್ಕೆ ನಿಲ್ಲುವುದು ಅಲ್ಲಿ. ಒಣಗುವ ಕೆರೆಯ ಕೆಸರಿನಲ್ಲಿ ಗಾಳಿ ಉಸಿರಾಡಿಕೊಂಡು ಬದುಕಿ ಮುಂದಿನ ಮಳೆಗೆ ತಾನಾಗಿ ಎದ್ದು ಬರಬಲ್ಲ ಕೊರಮೀನು, ಚೇಳುಮೀನು ಅಲ್ಲಿಗೆ ಮುಗಿಯುತ್ತವೆ. ಬರಗಾಲಕ್ಕೆಂದೇ ಹುಟ್ಟಿದ ಹಾಗಿರುವ ಈ ಮೀನುಗಳನ್ನು ಬರಗಾಲದ ತಾಲ್ಲೂಕುಗಳಲ್ಲೇ ಅಳಿಸುತ್ತಿದ್ದೇವೆ. ಉಳಿಯುವುದು ಜಿಲೇಬಿ. 1952ರಲ್ಲಿ ದೇಶಕ್ಕೆ ಬಂದ ಆ ಮೀನು ಸಿಕ್ಕ ಸಿಕ್ಕ ಕೆರೆಯಲ್ಲಿ ಮರಿ ಹಾಕಿ, ಬೆರಳುದ್ದಕ್ಕೇ ಬೆಳವಣಿಗೆ ನಿಲ್ಲಿಸಿ, ಬೇರೆ ಮೀನಿನ ಮೇವನ್ನು ತಿನ್ನುತ್ತ ಕೂರುತ್ತದೆ. ಗುತ್ತಿಗೆದಾರನಿಗೆ ಅದು ಬೇಡ, ಮಾರುಕಟ್ಟೆಯಲ್ಲಿ ಅದಕ್ಕೆ ಬೆಲೆ ಇಲ್ಲ. ಅದನ್ನು ದಿನವಿಡೀ ಕೂತು ಒಂದೊಂದಾಗಿ ತೆಗೆಯುವವನು ಯಾರು? ಗಾಳದ ಹುಡುಗರು. ಸಂಬಳವಿಲ್ಲದೆ ಕೆರೆಯ ಕಳೆ ಕೀಳುವವರನ್ನು ಕಾವಲಿಟ್ಟು ಓಡಿಸುವ ಏರ್ಪಾಡಿಗೆ ಅಭಿವೃದ್ಧಿ ಎಂದು ಹೆಸರು.

ಹರಾಜಿನಲ್ಲಿ ಹೆಚ್ಚು ಹಣ ಬಂದರೆ ಪಂಚಾಯಿತಿಗೆ ಲಾಭವಲ್ಲವೇ ಎಂದು ಕೇಳುತ್ತಾರೆ. ಗುತ್ತಿಗೆ ಹಣ ಯಾರಿಗೆ ಮುಟ್ಟುತ್ತದೆ, ಯಾರಿಗೆ ಮುಟ್ಟುವುದಿಲ್ಲ ಎಂಬುದನ್ನು ಪಾವಗಡದವರಿಗೆ ಹೊಸದಾಗಿ ಹೇಳಬೇಕಿಲ್ಲ. ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು ಸುತ್ತ 13,000 ಎಕರೆಯಲ್ಲಿ ಸೌರ ಫಲಕಗಳು ನಿಂತಿವೆ. ಜಮೀನಿದ್ದವನಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯ ಲೆಕ್ಕದಲ್ಲಿ ಗುತ್ತಿಗೆ ಶುರುವಾಯಿತು, ಅದು ಒಳ್ಳೆಯದೇ. ಅದೇ ಜಮೀನಿನಲ್ಲಿ ಕೂಲಿ ಮಾಡುತ್ತಿದ್ದವನಿಗೆ, ಕುರಿ ಮೇಯಿಸುತ್ತಿದ್ದವನಿಗೆ ಆ ಗುತ್ತಿಗೆಯಲ್ಲಿ ಸಾಲಿರಲಿಲ್ಲ. ಕೆರೆ ಹರಾಜು ಇದೇ ಬಗೆಯದು. ಕಾಗದದ ಮೇಲೆ ಹಕ್ಕಿದ್ದ ಪಂಚಾಯಿತಿಗೆ ಒಂದು ಮೊತ್ತ ಬಂತು. ಹಕ್ಕನ್ನು ಕಾಗದದಲ್ಲಿ ಬರೆಸಿಕೊಳ್ಳದೆ ತಲೆಮಾರಿನಿಂದ ಸಂಜೆಯ ಸಾರಿಗೆ ನಾಲ್ಕು ಪಕ್ಕೆ ಮೀನು ಹಿಡಿದು ತರುತ್ತಿದ್ದ ಮನೆಗೆ ಏನೂ ಬರಲಿಲ್ಲ.

ಈಗ ಎದುರಾಳಿಗಳ ಬಲವಾದ ಮಾತಿಗೆ ಬರೋಣ. ಕೆರೆಯ ಮೀನು ಬೆಸ್ತರ, ಗಂಗಾಮತಸ್ಥರ ಹೊಟ್ಟೆಪಾಡು. ಮೀನುಗಾರರ ಸಹಕಾರ ಸಂಘಗಳು ಇರುವುದೇ ಅದಕ್ಕೆ. ಮೋಜಿಗೆ ಬರುವವರಿಗೆ ಏರಿ ಬಿಟ್ಟುಕೊಟ್ಟರೆ ಅವರ ಅನ್ನಕ್ಕೆ ಕಲ್ಲು. ಈ ಮಾತು ಹೇಳುವವರನ್ನು ನಾನು ಗೌರವಿಸುತ್ತೇನೆ, ಏಕೆಂದರೆ ಜೆಟ್ಟಿಯವರ ಹಾಗೆ ಇವರು ಗಾಳಿಯಲ್ಲಿ ಮಾತಾಡುತ್ತಿಲ್ಲ. ಆದರೆ ಲೆಕ್ಕ ತಪ್ಪು. ಗಾಳಕ್ಕೆ ಸಿಗುವ ಮೀನು ಬಲೆಗೆ ಸಿಗುವುದರ ಮುಂದೆ ಎಷ್ಟು? ಕೂತವರಲ್ಲಿ ಅರ್ಧ ಜನ ಬರಿಗೈಲಿ ಹೋಗುತ್ತಾರೆ, ಹೋಗಿ ಮತ್ತೆ ಬರುತ್ತಾರೆ. ಮೀನುಗಾರ ಸಂಘವನ್ನು ನಿಜವಾಗಿ ತಿನ್ನುತ್ತಿರುವವನು ಸಂಘದ ಹೆಸರಿನಲ್ಲಿ ಹಿಂದೆ ನಿಂತು ಹಣ ಹಾಕುವ ಸಾಹುಕಾರ ಮತ್ತು ಹರಾಜಿನಲ್ಲಿ ಸಂಘಕ್ಕೆ ನಿಲುಕದ ಮಟ್ಟಕ್ಕೆ ಕೂಗುವ ಹೊರಗಿನವನು. ಗಾಳದವನು ಸಂಘಕ್ಕೆ ಪೈಪೋಟಿಯಲ್ಲ, ಗಿರಾಕಿ. ದಿನದ ಟಿಕೆಟ್ಟು ಸಂಘವೇ ಹರಿದುಕೊಡಲಿ. ಮೂವತ್ತು ರೂಪಾಯಿ ಎಂದಿಟ್ಟುಕೊಳ್ಳಿ. ನೀರಿರುವ ಎಂಟು ತಿಂಗಳು, ದಿನಕ್ಕೆ ಸರಾಸರಿ ಇಪ್ಪತ್ತೈದು ಜನ. ಒಂದು ಲಕ್ಷ ಎಂಬತ್ತು ಸಾವಿರ ಆಯಿತು, ಒಂದು ಬಲೆಯೂ ಒದ್ದೆಯಾಗದೆ. ಇದು ನನ್ನ ಊಹೆಯ ಲೆಕ್ಕ, ಇಪ್ಪತ್ತೈದನ್ನು ಹತ್ತು ಮಾಡಿಕೊಳ್ಳಿ, ಆಗಲೂ ಎಪ್ಪತ್ತೆರಡು ಸಾವಿರ. ಆ ಅಂಕಿಯನ್ನು ಸಣ್ಣ ಕೆರೆಯೊಂದರ ಗುತ್ತಿಗೆ ಮೊತ್ತದ ಪಕ್ಕ ಇಟ್ಟು ನೋಡುವ ಕೆಲಸವನ್ನು ಪ್ರತಿ ಪಂಚಾಯಿತಿಯೂ ಅರ್ಧ ಗಂಟೆಯಲ್ಲಿ ಮಾಡಬಹುದು.

ಇದೇನು ಹೊಸ ಆವಿಷ್ಕಾರವಲ್ಲ. ಕೋಲ್ಕತ್ತದ ಸುತ್ತಮುತ್ತ ಟಿಕೆಟ್ಟು ಕೊಂಡು ಗಾಳ ಹಾಕುವ ಕೊಳಗಳು ಎಷ್ಟೋ ಇವೆ. ನೀರಿನ ಮೇಲೆ ಬಿದಿರಿನ ಅಟ್ಟಣೆ ಕಟ್ಟಿ, ಒಬ್ಬೊಬ್ಬನಿಗೆ ಒಂದೊಂದು ಜಾಗ ಕೊಟ್ಟು, ಭಾನುವಾರ ಬೆಳಗಾಗುವ ಮುಂಚೆ ಜನ ಸೇರುತ್ತಾರೆ. ಕೊಳದ ಒಡೆಯನಿಗೆ ಮೀನು ಮಾರುವುದರಲ್ಲಷ್ಟೇ ಅಲ್ಲ, ಮೀನು ಹಿಡಿಯುವ ಆಸೆಯನ್ನು ಮಾರುವುದರಲ್ಲೂ ದುಡ್ಡಿದೆ ಎಂದು ಬಂಗಾಳಿಗಳಿಗೆ ಗೊತ್ತು. ಅಮೆರಿಕದಲ್ಲಿ ಗಾಳ, ರಾಡು, ರೀಲುಗಳ ಮೇಲೆ ಒಂದು ತೆರಿಗೆ ಇದೆ, 1950ರ ಕಾನೂನಿನ ಪ್ರಕಾರ ಆ ಹಣ ರಾಜ್ಯಗಳಿಗೆ ಹಂಚಿಕೆಯಾಗಿ ಮೀನಿನ ನೆಲೆ ಸುಧಾರಿಸಲು, ಜನರಿಗೆ ನೀರಿನ ಬಳಿ ಹೋಗಲು ದಾರಿ ಮಾಡಲು ಖರ್ಚಾಗುತ್ತದೆ. ಅಲ್ಲಿ ಗಾಳದವನನ್ನು ಓಡಿಸುವುದಿಲ್ಲ, ಅವನನ್ನೇ ನೀರಿನ ಕಾವಲಿಗೆ ಇಟ್ಟುಕೊಳ್ಳುತ್ತಾರೆ.

ನಮ್ಮಲ್ಲೂ ಗಾಳಕ್ಕೆ ಮರ್ಯಾದೆ ಸಿಕ್ಕ ಕಾಲ, ಜಾಗ ಇದ್ದವು. ಅದು ಯಾರ ಕೈಯಲ್ಲಿತ್ತು ಎಂಬುದರ ಮೇಲೆ ಮರ್ಯಾದೆ ನಿಂತಿತ್ತು. ಕಾವೇರಿಯ ಮಹಸೀರ್ ಮೀನಿಗೆ ಗಾಳ ಹಾಕಲು ಲೋಕದ ಮೂಲೆಮೂಲೆಯಿಂದ ಜನ ಬರುತ್ತಿದ್ದರು. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಹಿಡಿದ 120 ಪೌಂಡಿನ ಮೀನು ದಾಖಲೆಯಾಗಿ ಉಳಿಯಿತು. ಆಮೇಲೆ ಭೀಮೇಶ್ವರಿ, ಗಾಲಿಬೋರೆಗಳಲ್ಲಿ ಸರ್ಕಾರದ್ದೇ ಆದ ಜಂಗಲ್ ಲಾಡ್ಜಸ್ ಗಾಳದವರಿಗೆ ಶಿಬಿರ ಕಟ್ಟಿತು. ಹಿಡಿದ ಮೀನನ್ನು ತೂಗಿ, ಫೋಟೋ ತೆಗೆದು, ಮತ್ತೆ ಹೊಳೆಗೆ ಬಿಡುವುದು ಅಲ್ಲಿನ ಪದ್ಧತಿಯಾಗಿತ್ತು. ಹಿಂದೆ ತೋಟಾ ಸಿಡಿಸಿ ಮೀನು ಕೊಲ್ಲುತ್ತಿದ್ದವರಲ್ಲಿ ಕೆಲವರು ಅಲ್ಲೇ ದಾರಿ ತೋರಿಸುವ, ಕಾವಲು ಕಾಯುವ ಕೆಲಸಕ್ಕೆ ಸೇರಿದರು. ವನ್ಯಜೀವಿ ಧಾಮದೊಳಗೆ ಗಾಳ ಕೂಡದು ಎಂಬ ಕಾರಣಕ್ಕೆ 2012ರ ಸುಮಾರಿಗೆ ಅದು ನಿಂತಿತು. ನಿಂತದ್ದು ಸರಿಯೇ ತಪ್ಪೇ ಎಂಬ ಜಗಳ ಇನ್ನೂ ನಡೆದಿದೆ. ಆ ಗೂನುಬೆನ್ನಿನ ಮಹಸೀರ್ ಅಳಿವಿನ ಅಂಚಿನಲ್ಲಿದೆ ಎಂಬುದಂತೂ ಜಗಳಕ್ಕೆ ಮೀರಿದ್ದು. ನನಗೆ ಬೇಕಾದ ಮಾತು ಬೇರೆ. ವಿದೇಶದಿಂದ ಬಂದವನು ಸಾವಿರಾರು ರೂಪಾಯಿ ಕೊಟ್ಟು ಕಾವೇರಿಯಲ್ಲಿ ಗಾಳ ಹಾಕಿದರೆ ಅದು ಕ್ರೀಡೆಯಾಗಿತ್ತು. ಕೊರಟಗೆರೆಯ ಗಾರೆ ಕೆಲಸದವನು ರಜಾ ದಿನ ತೀತಾ ಹಿನ್ನೀರಿನಲ್ಲಿ ಗಾಳ ಹಾಕಿದರೆ ಕಳ್ಳತನ. ನೀರಿನಲ್ಲಿ ಅದೇ ಬೆಂಡು ಅದೇ ರೀತಿ ಮುಳುಗುತ್ತದೆ.

ತೀತಾ ಎಂದಾಗ ನೆನಪಾಯಿತು. ಜಯಮಂಗಲಿಗೆ ಕಟ್ಟಿದ ಆ ಜಲಾಶಯದ ಮಗ್ಗುಲಲ್ಲೇ ಗೊರವನಹಳ್ಳಿಯ ಮಹಾಲಕ್ಷ್ಮಿ ಇದ್ದಾಳೆ. ಶುಕ್ರವಾರ ಬಂದರೆ ಬೆಂಗಳೂರಿನ ಕಾರುಗಳ ಸಾಲು. ದೇವಸ್ಥಾನದ ಎದುರು ಮೀನು ಹೆರೆಯಲಿ ಎಂದು ನಾನು ಹೇಳುವುದಿಲ್ಲ, ಬದುಕುವ ಆಸೆ ನನಗೂ ಇದೆ. ದೇವಸ್ಥಾನದಿಂದ ದೂರದ ದಡದಲ್ಲಿ, ಶುಕ್ರವಾರ ಬಿಟ್ಟು ಉಳಿದ ದಿನ, ನಾಲ್ಕು ಹೊಂಗೆ ಮರದ ನೆರಳು, ಜಾರದ ಹಾಗೆ ಕೆತ್ತಿದ ಹತ್ತು ಕಲ್ಲು ಮೆಟ್ಟಿಲು, ಒಂದು ನಲ್ಲಿ ಇದ್ದರೆ ಸಾಕು. ಕಳ್ಳಂಬೆಳ್ಳ ಇನ್ನೂ ಸುಲಭ. ಹೆದ್ದಾರಿ ಪಕ್ಕದಲ್ಲೇ ಇದೆ, ಹೇಮಾವತಿ ನೀರು ಬಂದ ವರ್ಷ ಬೇರೆ ಕೆರೆಗಳಿಗಿಂತ ಹೆಚ್ಚು ದಿನ ನೀರು ನಿಲ್ಲುತ್ತದೆ. ಬೆಂಗಳೂರಿನಿಂದ ಚಿತ್ರದುರ್ಗದ ಕಡೆ ಹೋಗುವ ಸಾವಿರ ಕಾರುಗಳಲ್ಲಿ ಹತ್ತು ಕಾರು ನಿಂತರೂ ಏರಿಯ ಕೆಳಗಿನ ಚಹಾದಂಗಡಿ ಉಳಿಯುತ್ತದೆ, ಅದರ ಪಕ್ಕದಲ್ಲಿ ಎರೆ, ಗಾಳ, ದಾರ ಮಾರುವ ಒಂದು ಪೆಟ್ಟಿಗೆ ಅಂಗಡಿ ಹುಟ್ಟುತ್ತದೆ, ಹಿಡಿದ ಮೀನನ್ನು ಕೊಟ್ಟರೆ ಮುದ್ದೆಯ ಜೊತೆ ಸಾರು ಮಾಡಿಕೊಡುವ ಮನೆಯೊಂದು ಸಿಗುತ್ತದೆ. ಮಧುಗಿರಿಯ ಮೈದನಹಳ್ಳಿಗೆ ಜನ ಬರುವುದು ಅಲ್ಲಿನ ಹುಲ್ಲುಗಾವಲಿನಲ್ಲಿ ಕೃಷ್ಣಮೃಗ ಇರುವುದರಿಂದ. ಹುಲ್ಲು ಮತ್ತು ಮೃಗ ಉಳಿದರೆ ಜನ ಬರುತ್ತಾರೆ. ಕೆರೆಯ ಲೆಕ್ಕವೂ ಅದೇ, ಆದರೆ ಅಲ್ಲಿ ನೀರು ಮತ್ತು ಮೀನು ಉಳಿಸುವುದನ್ನು ಬಿಟ್ಟು ಉಳಿದೆಲ್ಲ ಮಾಡಲು ನಮಗೆ ಅನುದಾನ ಸಿಗುತ್ತದೆ.

ಅಪಾಯದ ಮಾತು ಎತ್ತುವವರಿದ್ದಾರೆ. ಕೆರೆಗಳಲ್ಲಿ ಮಕ್ಕಳು ಮುಳುಗಿ ಸಾಯುವುದು ನಿಜ, ಪ್ರತಿ ಮಳೆಗಾಲದಲ್ಲೂ ಓದುತ್ತೇವೆ. ಮಣ್ಣಿಗಾಗಿ ಲಾರಿಗಟ್ಟಲೆ ತೋಡಿ ಬಿಟ್ಟ ಗುಂಡಿಗಳು ಅದಕ್ಕೆ ದೊಡ್ಡ ಕಾರಣ. ಗುಂಡಿ ತೋಡಿದವನಿಗೆ ತಡೆ ಇಲ್ಲ, ದಡದಲ್ಲಿ ಕೂತು ಆ ಗುಂಡಿ ಎಲ್ಲಿದೆ ಎಂದು ಹೇಳಬಲ್ಲವನಿಗೆ ತಡೆ. ಏರಿಯ ಮೇಲೆ ಕುಡಿಯಲು ಬರುವವರ ಬಗ್ಗೆಯೂ ದೂರುತ್ತಾರೆ. ಕುಡುಕರು ಬರುವುದು ಯಾರೂ ಇಲ್ಲದ ಜಾಗಕ್ಕೆ. ಟಿಕೆಟ್ಟು ಹರಿಯುವವನೊಬ್ಬ, ಗಾಳ ಹಿಡಿದ ಹತ್ತು ಜನ ಇರುವ ಏರಿಗೆ ಬಾಟಲಿ ಹಿಡಿದು ಬರಲು ಸ್ವಲ್ಪ ನಾಚಿಕೆ ಆಗುತ್ತದೆ, ಅಷ್ಟು ಸಾಕು. ತೋಟಾ ಸಿಡಿಸುವವರು, ವಿಷ ಹಾಕುವವರು ಕೂಡ ಅಂಥ ಕೆರೆಗೆ ಬರಲು ಹಿಂಜರಿಯುತ್ತಾರೆ. ಕಲ್ಲುಕ್ವಾರಿಗಳಿರುವ ಸೀಮೆಯಲ್ಲಿ ತೋಟಾಕ್ಕೆ ಕೊರತೆ ಇಲ್ಲ. 1897ರ ಮೀನುಗಾರಿಕೆ ಕಾನೂನೇ ಅದನ್ನು ಅಪರಾಧ ಎಂದಿದ್ದರೂ, ರಾತ್ರಿ ಏರಿಯ ಮೇಲೆ ಆ ಕಾನೂನಿನ ಪರವಾಗಿ ಕೂರುವವರು ಬೇಕಲ್ಲ.

ಇದ್ದ ಆಕ್ಷೇಪಗಳಲ್ಲಿ ನಾನು ಪೂರ್ತಿ ಒಪ್ಪುವುದು ಒಂದನ್ನು. ಅದನ್ನು ಎತ್ತುವವರು ಕಡಿಮೆ. ಶಿರಾ ತಾಲ್ಲೂಕಿನ ಕಗ್ಗಲಡುವಿನ ಹುಣಿಸೆ ಮರಗಳಲ್ಲಿ ಬಣ್ಣದ ಕೊಕ್ಕರೆ, ಬೂದು ಬಕಗಳು ಗೂಡು ಕಟ್ಟುತ್ತವೆ, ಊರವರು ಅವನ್ನು ಮನೆಯ ಮಕ್ಕಳ ಹಾಗೆ ಕಾಯುತ್ತಾರೆ. ಆ ಹಕ್ಕಿಗಳ ಮರಿಗೆ ಮೀನು ಬರುವುದು ಸುತ್ತಲ ಕೆರೆಗಳಿಂದ. ಗಾಳದವನು ಕಿತ್ತೆಸೆದ ನೈಲಾನ್ ದಾರ ಕೊಕ್ಕರೆಯ ಕಾಲಿಗೆ ಸುತ್ತಿಕೊಂಡರೆ ಹಕ್ಕಿ ಸತ್ತ ಹಾಗೆಯೇ. ಇದಕ್ಕೆ ಮದ್ದು ಇದೆ. ಅಮೆರಿಕದ ಕಡಲಕಟ್ಟೆಗಳಲ್ಲಿ ಪಿವಿಸಿ ಕೊಳವೆಯ ಒಂದು ತುಂಡನ್ನು ಕಂಬಕ್ಕೆ ಕಟ್ಟಿ, ಹಳೆಯ ದಾರವನ್ನು ಅದರೊಳಗೆ ತುರುಕಿ ಎಂದು ಬರೆದಿರುತ್ತಾರೆ. ನಮ್ಮ ಬೋರ್‌ವೆಲ್ಲುಗಳ ಪಕ್ಕ ಅಂಥ ಕೊಳವೆಯ ತುಂಡುಗಳು ಬೇಕಾದಷ್ಟು ಬಿದ್ದಿವೆ. ಹಕ್ಕಿ ಗೂಡು ಕಟ್ಟುವ ತಿಂಗಳುಗಳಲ್ಲಿ ಕಗ್ಗಲಡು ಸುತ್ತಲ ಕೆರೆಗಳಿಗೆ ಟಿಕೆಟ್ಟೇ ಬೇಡ ಎಂದರೂ ನನ್ನ ಒಪ್ಪಿಗೆ ಇದೆ. ಜೆಟ್ಟಿ ಕಟ್ಟಿ, ಧ್ವನಿವರ್ಧಕ ಹಚ್ಚಿ, ಬಣ್ಣದ ದೀಪ ಹಾಕಬೇಕೆನ್ನುವವರು ಇಂಥ ಷರತ್ತನ್ನು ಒಪ್ಪುತ್ತಾರೆಯೇ ಎಂದು ಕೇಳಿ ನೋಡಬೇಕು.

ಏರ್ಪಾಡು ಮಾಡಲು ಹೊಸ ಪ್ರಾಧಿಕಾರ ಬೇಕಿಲ್ಲ. ವಿಶ್ವಬ್ಯಾಂಕಿನ ನೆರವಿನ ಜಲಸಂವರ್ಧನೆ ಯೋಜನೆಯ ಕಾಲದಲ್ಲಿ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲೂ ಕೆರೆ ಬಳಕೆದಾರರ ಸಂಘಗಳು ಹುಟ್ಟಿದವು. ಹಲವು ಈಗ ಬೋರ್ಡಿನಲ್ಲಿ ಮಾತ್ರ ಇವೆ. ಅವಕ್ಕೆ ಉಸಿರು ಹೋದದ್ದು ಕೈಯಲ್ಲಿ ಕಾಸಿಲ್ಲದ್ದರಿಂದ. ಟಿಕೆಟ್ಟಿನ ಅರ್ಧ ಮೀನುಗಾರ ಸಂಘಕ್ಕೆ, ಅರ್ಧ ಕೆರೆ ಸಂಘಕ್ಕೆ ಹೋದರೆ ತೂಬಿನ ದುರಸ್ತಿಗೆ, ಏರಿಯ ಜಾಲಿ ಕಡಿಸಲು ಅರ್ಜಿ ಹಿಡಿದು ಅಲೆಯುವುದು ತಪ್ಪುತ್ತದೆ. ಕೊರಟಗೆರೆಯ ಬೈರಗೊಂಡ್ಲುವಿನಲ್ಲಿ ಎತ್ತಿನಹೊಳೆ ನೀರಿಗೆ ಜಲಾಶಯ ಎಂಬ ಮಾತು ವರ್ಷಗಳಿಂದ ಪರಿಹಾರದ ಜಗಳದಲ್ಲಿ ಸಿಕ್ಕಿಕೊಂಡಿದೆ. ಅಲ್ಲಿ ಎಂದಾದರೂ ನೀರು ನಿಂತರೆ, ಜಮೀನು ಕಳೆದುಕೊಂಡ ಊರಿನವನಿಗೆ ಆ ನೀರಿನ ದಡದಲ್ಲಿ ಕೂರುವ ಹಕ್ಕಾದರೂ ಮೊದಲೇ ಬರೆದಿಡಬೇಕು. ಆಮೇಲೆ ಬರೆಯಲು ಹೋದರೆ ಬೇಲಿ ಎದ್ದಿರುತ್ತದೆ.

ಸದ್ಯಕ್ಕೆ ಕೇಳುವುದು ಇಷ್ಟೇ. ಮುಂದಿನ ಸಲ ಈ ನಾಲ್ಕು ತಾಲ್ಲೂಕಿನ ಕೆರೆಗಳ ಗುತ್ತಿಗೆ ಕರೆಯುವಾಗ ಷರತ್ತು ಪತ್ರದಲ್ಲಿ ಮೂರು ಸಾಲು ಸೇರಿಸಲಿ: ಒಬ್ಬನಿಗೆ ಒಂದೇ ಗಾಳದ ಲೆಕ್ಕದಲ್ಲಿ, ದಿನಕ್ಕೆ ಇಷ್ಟು ಕಿಲೋ ಮೀರದಂತೆ, ಟಿಕೆಟ್ಟು ಪಡೆದವನನ್ನು ತಡೆಯುವಂತಿಲ್ಲ; ಹದಿನಾಲ್ಕು ವರ್ಷದೊಳಗಿನವರಿಗೆ, ಅದೇ ಊರಿನವರಿಗೆ ಟಿಕೆಟ್ಟು ಬೇಕಿಲ್ಲ; ಕೊನೆಯ ಗುಂಡಿಯ ನೀರನ್ನು ಯಾರೂ ಮೋಟಾರಿಟ್ಟು ಎತ್ತುವಂತಿಲ್ಲ. ಈ ಷರತ್ತು ನೋಡಿ ಹೊರಗಿನ ಗುತ್ತಿಗೆದಾರ ಕೂಗದೆ ಎದ್ದುಹೋದರೆ ಹೋಗಲಿ. ಆ ಕೆರೆಯನ್ನು ಒಂದು ವರ್ಷದ ಮಟ್ಟಿಗೆ ಊರಿನ ಮೀನುಗಾರ ಸಂಘಕ್ಕೆ ಬಿಟ್ಟು, ಕೈಗೊಂದು ಟಿಕೆಟ್ಟು ಪುಸ್ತಕ ಕೊಟ್ಟು, ವರ್ಷದ ಕೊನೆಗೆ ಎರಡೂ ಬಗೆಯ ಕೆರೆಗಳ ಜಮಾಖರ್ಚನ್ನು ಗ್ರಾಮಸಭೆಯಲ್ಲಿ ಓದಿ ಹೇಳಲಿ.